12 ಇಂಚಿನ ಸಬ್‌ವೂಫರ್ ಜೊತೆ 10 ಇಂಚಿನದನ್ನೂ ಹಾಕಬಹುದಾ?

ಪ್ರಶ್ನೆ: ಕಾರಿನ ಡಿಕ್ಕಿಯಲ್ಲಿ ಪೋರ್ಟೆಡ್ (ಗಾಳಿ ಹೋಗಿಬರಲು ಕಿಂಡಿ ಇರುವ) ಬಾಕ್ಸ್‌ನಲ್ಲಿ 12 ಇಂಚಿನ ಸಬ್‌ವೂಫರ್ ಇದೆ. ಮೊದಲು ಬಳಸುತ್ತಿದ್ದ 10 ಇಂಚಿನದು ಸೀಲ್ಡ್ (ಪೂರ್ತಿ ಮುಚ್ಚಿದ) ಬಾಕ್ಸ್ ಸಮೇತ ಮನೆಯಲ್ಲಿ ಸುಮ್ನೆ ಬಿದ್ದಿದೆ. ಎರಡನ್ನೂ ಹಾಕಿದರೆ ದೊಡ್ಡದು ಆಳದ ಬೇಸ್ ಕೊಡುತ್ತೆ, ಚಿಕ್ಕದು ಪಂಚ್ ಕೊಡುತ್ತೆ ಅಂತ ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ಹಾಕಬಹುದು. ವೈರಿಂಗ್ ಸರಿಯಿದ್ದರೆ ಯಾವುದೂ ಸುಟ್ಟುಹೋಗುವುದಿಲ್ಲ. ಆದರೆ ಬೇಸ್ ಜಾಸ್ತಿ ಆಗಿಯೇ ಆಗುತ್ತದೆ ಅಂತ ಹೇಳೋಕಾಗಲ್ಲ. ಕೆಲವು ಫ್ರೀಕ್ವೆನ್ಸಿಗಳಲ್ಲಿ ಈಗ ಇರುವುದಕ್ಕಿಂತ ಕಮ್ಮಿಯೂ ಆಗಬಹುದು. ನಿಮ್ಮ ವಿಷಯದಲ್ಲಿ ನನಗೆ ಚಿಂತೆ ಇರುವುದು 10 ಮತ್ತು 12ರ ಬಗ್ಗೆ ಅಲ್ಲ. ಒಂದು ಸೀಲ್ಡ್, ಇನ್ನೊಂದು ಪೋರ್ಟೆಡ್ ಅನ್ನುವುದರ ಬಗ್ಗೆ.

ಎರಡು ಸಬ್‌ಗಳು ಒಂದೇ ಹೊತ್ತಿಗೆ ಒಂದೇ ದಿಕ್ಕಿಗೆ ಗಾಳಿ ತಳ್ಳಿದರೆ ಮಾತ್ರ ಪೂರ್ತಿ ಲಾಭ. ಒಂದೇ ಜೋರಿನ ಎರಡು ಸಬ್ ಸರಿಯಾಗಿ ಜೊತೆಗೂಡಿದರೆ 6 ಡೆಸಿಬಲ್ ಸಿಗುತ್ತದೆ. ಒಂದು ಇನ್ನೊಂದಕ್ಕಿಂತ 90 ಡಿಗ್ರಿ, ಅಂದರೆ ಕಾಲು ಸುತ್ತು, ಹಿಂದೆಮುಂದೆ ಆದರೆ ಸಿಗುವುದು 3 ಡೆಸಿಬಲ್ ಅಷ್ಟೇ. 120 ಡಿಗ್ರಿ ಆಯಿತೋ, ಲಾಭ ಸೊನ್ನೆ. ಎರಡು ಸಬ್ ಇದ್ದರೂ ಒಂದು ಇದ್ದಷ್ಟೇ ಸದ್ದು. ಅದನ್ನೂ ದಾಟಿದರೆ ಒಂದೇ ಸಬ್‌ಗಿಂತ ಕಮ್ಮಿ. 180 ಡಿಗ್ರಿಯಲ್ಲಿ ಒಂದು ತಳ್ಳಿದ್ದನ್ನು ಇನ್ನೊಂದು ಎಳೆದುಕೊಳ್ಳುತ್ತದೆ.

ಎರಡೂ ಡಿಕ್ಕಿಯಲ್ಲೇ ಪಕ್ಕಪಕ್ಕ ಇರುವಾಗ ಹಿಂದೆಮುಂದೆ ಹೇಗಾಗುತ್ತದೆ ಅಂತ ಅನಿಸಬಹುದು. ದೂರದಿಂದ ಆಗುವುದಲ್ಲ ಇದು. 40 ಹರ್ಟ್ಜ್ ಅಲೆಯ ಉದ್ದವೇ ಸುಮಾರು 8.5 ಮೀಟರ್. ಒಂದೆರಡು ಅಡಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ವ್ಯತ್ಯಾಸ ಹುಟ್ಟುವುದು ಬಾಕ್ಸ್ ಒಳಗೆ. ಸೀಲ್ಡ್ ಬಾಕ್ಸ್‌ನಲ್ಲಿ ಒಂದು ಮಟ್ಟದ ಕೆಳಗೆ ಸದ್ದು ಪ್ರತಿ ಆಕ್ಟೇವ್‌ಗೆ, ಅಂದರೆ ಫ್ರೀಕ್ವೆನ್ಸಿ ಅರ್ಧ ಆದಾಗಲೆಲ್ಲ, 12 ಡೆಸಿಬಲ್‌ನಂತೆ ಇಳಿಯುತ್ತದೆ. ಪೋರ್ಟೆಡ್ ಬಾಕ್ಸ್‌ನಲ್ಲಿ ಟ್ಯೂನಿಂಗ್‌ನ (ಕಿಂಡಿಯ ಗಾಳಿ ಜೋರಾಗಿ ಅನುರಣಿಸುವ ಫ್ರೀಕ್ವೆನ್ಸಿಯ) ಕೆಳಗೆ 24ರಂತೆ. ಸದ್ದು ಇಳಿದಂತೆ ಫೇಸ್ (ಮೇಲೆ ಹೇಳಿದ ಡಿಗ್ರಿಗಳ ಹಿಂದೆಮುಂದೆ) ಕೂಡ ತಿರುಗುತ್ತಾ ಹೋಗುತ್ತದೆ, ಮತ್ತು ಪೋರ್ಟೆಡ್‌ನದು ಎರಡರಷ್ಟು ತಿರುಗುತ್ತದೆ.

ನಿಮ್ಮ ಪೋರ್ಟೆಡ್ ಬಾಕ್ಸ್ 35 ಹರ್ಟ್ಜ್‌ಗೆ ಟ್ಯೂನ್ ಆಗಿದೆ ಅಂದುಕೊಳ್ಳಿ. 60–80 ಹರ್ಟ್ಜ್‌ನಲ್ಲಿ ಎರಡೂ ಹೆಚ್ಚುಕಮ್ಮಿ ಜೊತೆಯಾಗಿ ಓಡುತ್ತವೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದವರು ಭರ್ಜರಿಯಾಗಿದೆ ಅನ್ನುವುದು ಈ ಭಾಗ ಕೇಳಿಯೇ. 35ರ ಹತ್ತಿರ ಬರುವಷ್ಟರಲ್ಲಿ ಎರಡೂ ಬೇರೆಯಾಗತೊಡಗುತ್ತವೆ. 20–25ಕ್ಕೆ ಇಳಿದಾಗ ಒಂದಕ್ಕೊಂದು ಎದುರು ನಿಂತಿರುತ್ತವೆ. ಅಂದರೆ 12 ಇಂಚಿನದನ್ನು ಯಾವ ಆಳದ ಬೇಸ್‌ಗಾಗಿ ತಂದಿರೋ ಅದನ್ನೇ 10 ಇಂಚಿನದು ತಿಂದುಹಾಕುತ್ತದೆ! ಎರಡೂ ಪೋರ್ಟೆಡ್ ಆಗಿದ್ದು ಟ್ಯೂನಿಂಗ್ ಬೇರೆಬೇರೆ ಇದ್ದರೂ ಇದೇ ಗೋಳು. ಆಗ ಜಗಳ ಆ ಎರಡು ಟ್ಯೂನಿಂಗ್‌ಗಳ ನಡುವೆ.

ಇನ್ನು ಪಂಚ್ ವಿಷಯ. ಚಿಕ್ಕ ಸಬ್ ಚುರುಕು, ದೊಡ್ಡದು ನಿಧಾನ ಅನ್ನುವ ಮಾತು ಬಹಳ ಹಳೆಯದು. ಆದರೆ 50 ಹರ್ಟ್ಜ್ ಅಂದರೆ ಕೋನ್ (ಸ್ಪೀಕರ್‌ನ ಅಲುಗಾಡುವ ಮುಖ) ಸೆಕೆಂಡಿಗೆ 50 ಸಲ ಹೋಗಿ ಬರಬೇಕು, ಅದು 10 ಇಂಚಿನದಾದರೂ ಅಷ್ಟೇ, 15 ಇಂಚಿನದಾದರೂ ಅಷ್ಟೇ. ಬೇಸ್ ಬಿಗಿಯಾಗಿ ಕೇಳುವುದು ಬಾಕ್ಸ್ ಮತ್ತು ಟ್ಯೂನಿಂಗ್‌ನಿಂದ, ಮತ್ತೆ ಕಾರಿನೊಳಗೆ ಯಾವ ಫ್ರೀಕ್ವೆನ್ಸಿ ಉಬ್ಬುತ್ತದೆ ಅನ್ನುವುದರಿಂದ. ಎದೆಗೆ ತಟ್ಟುವ ಕಿಕ್ ಡ್ರಮ್‌ನ ಪೆಟ್ಟಿನಲ್ಲಿ ದೊಡ್ಡ ಪಾಲು 80 ಹರ್ಟ್ಜ್‌ನಿಂದ ಮೇಲಿನದು. ಅದು ಬಾಗಿಲಿನ ಸ್ಪೀಕರ್‌ಗಳ ಕೆಲಸ. ಪಂಚ್ ಇಲ್ಲ ಅನಿಸಿದರೆ ಮೊದಲು ಅಲ್ಲಿ ನೋಡಿ. 80 ಹರ್ಟ್ಜ್ ಟೋನ್ ಹಾಕಿ, ಸಬ್‌ನ ಪ್ಲಸ್ ಮೈನಸ್ ಅದಲುಬದಲು ಮಾಡಿ ಕೇಳಿ. ಯಾವುದರಲ್ಲಿ ಸದ್ದು ಜೋರಾಗಿದೆಯೋ ಹಾಗೇ ಬಿಡಿ. ಎಷ್ಟೋ ಕಾರುಗಳಲ್ಲಿ ಕಳೆದುಹೋದ ಪಂಚ್ ಇಷ್ಟಕ್ಕೇ ವಾಪಸ್ ಬರುತ್ತದೆ.

ತಾಕತ್ತಿನ ಲೆಕ್ಕವೂ ಇದೆ. 12 ಇಂಚಿನ ಕೋನ್‌ನ ವಿಸ್ತೀರ್ಣ ಸುಮಾರು 480–500 ಚದರ ಸೆಂಟಿಮೀಟರ್, 10 ಇಂಚಿನದು 330–350. ಅಷ್ಟೇ ಸದ್ದಿಗೆ ಚಿಕ್ಕದು ಹೆಚ್ಚು ದೂರ ಓಡಾಡಬೇಕು. ಫ್ರೀಕ್ವೆನ್ಸಿ ಅರ್ಧಕ್ಕೆ ಇಳಿದರೆ, ಅದೇ ಸದ್ದಿಗೆ ಕೋನ್ ನಾಲ್ಕು ಪಟ್ಟು ಓಡಾಡಬೇಕು. ಹಾಗಾಗಿ 12 ಆರಾಮಾಗಿ ಆಡುತ್ತಿರುವಾಗಲೇ 10 ತನ್ನ ಮಿತಿ ಮುಟ್ಟಿ ಒಡಕು ಸದ್ದು ಮಾಡುತ್ತದೆ. ನೀವು ವಾಲ್ಯೂಮ್ ಇಳಿಸಲೇಬೇಕಾಗುತ್ತದೆ.

ಒಂದೇ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಎರಡನ್ನೂ ಕಟ್ಟುವುದಂತೂ ಬೇಡ. 4 ಓಮ್‌ನದು, 2 ಓಮ್‌ನದು ಪ್ಯಾರಲಲ್ ಆದರೆ 1.33 ಓಮ್ ಆಗುತ್ತದೆ. 2 ಓಮ್‌ವರೆಗೆ ಮಾತ್ರ ತಡೆಯುವ ಆಂಪ್ ಬಿಸಿಯಾಗಿ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಅಂದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಲ್ಲುತ್ತದೆ. ಪವರ್ ಹಂಚಿಕೆಯೂ ಸಮ ಅಲ್ಲ: 2 ಓಮ್‌ನದಕ್ಕೆ ಎರಡರಷ್ಟು. ಸೀರೀಸ್ ಮಾಡಿದರೆ ಉಲ್ಟಾ, 4 ಓಮ್‌ನದಕ್ಕೆ ಎರಡರಷ್ಟು. ಪೋರ್ಟೆಡ್‌ಗೆ ಟ್ಯೂನಿಂಗ್‌ಗಿಂತ ಸ್ವಲ್ಪ ಕೆಳಗೆ ಸಬ್‌ಸಾನಿಕ್ ಫಿಲ್ಟರ್ (ತೀರಾ ಕೆಳಗಿನ ಫ್ರೀಕ್ವೆನ್ಸಿಗಳನ್ನು ತಡೆಯುವುದು) ಇರಲೇಬೇಕು, ಇಲ್ಲದಿದ್ದರೆ ಕೋನ್‌ಗೆ ಹಿಡಿತವೇ ಇರುವುದಿಲ್ಲ. ಸೀಲ್ಡ್‌ಗೆ ಅದರ ಅಗತ್ಯ ಅಷ್ಟಾಗಿ ಇಲ್ಲ. ಒಂದೇ ಆಂಪ್‌ನಲ್ಲಿ ಇಬ್ಬರಿಗೂ ಒಪ್ಪುವ ಸೆಟ್ಟಿಂಗ್ ಎಲ್ಲಿ ಸಿಗುತ್ತದೆ? ಎರಡನ್ನೂ ಒಂದೇ ಬಾಕ್ಸ್‌ನಲ್ಲಿ, ನಡುವೆ ಗೋಡೆಯಿಲ್ಲದೆ ಕೂರಿಸುವವರೂ ಇದ್ದಾರೆ. ಅಲ್ಲಿ ಬಲವಾದ ಕೋನ್ ತಳ್ಳಿದ ಗಾಳಿ ಇನ್ನೊಂದನ್ನು ಹೊರಗೆ ನೂಕುತ್ತದೆ. ದಯವಿಟ್ಟು ಮಾಡಬೇಡಿ.

ಇಷ್ಟೆಲ್ಲ ಕೇಳಿಯೂ ಮಾಡಿ ನೋಡಬೇಕು ಅನ್ನುವ ಆಸೆ ಇದ್ದರೆ, ಅದು ತಪ್ಪಲ್ಲ. ಎರಡನ್ನೂ ಎರಡು ಬೇರೆ ಸಿಸ್ಟಂ ಅಂತಲೇ ನೋಡಿ. ಬೇರೆ ಬಾಕ್ಸ್, ಬೇರೆ ಆಂಪ್ ಅಥವಾ ಬೇರೆ ಚಾನಲ್, ಮತ್ತು ಡಿಎಸ್‌ಪಿಯಲ್ಲಿ (ಸದ್ದನ್ನು ಡಿಜಿಟಲ್ ಆಗಿ ಹೊಂದಿಸುವ ಸಾಧನ) ಪ್ರತಿಯೊಂದಕ್ಕೂ ಅದರದೇ ಗೇನ್ (ಸದ್ದಿನ ಮಟ್ಟ), ಡಿಲೇ (ತಡ), ಪೊಲಾರಿಟಿ (ಪ್ಲಸ್ ಮೈನಸ್ ದಿಕ್ಕು), ಫಿಲ್ಟರ್. ಚಿಕ್ಕದಕ್ಕೆ 45–50 ಹರ್ಟ್ಜ್‌ನ ಕೆಳಗೆ ಹೋಗದಂತೆ ಹೈ ಪಾಸ್ ಹಾಕಿ, ಆಳದ ಕೆಲಸ ಪೂರ್ತಿ ದೊಡ್ಡದಕ್ಕೇ ಬಿಡಿ. ಆದರೆ ಆ ಹೈ ಪಾಸ್ ಕೂಡ ಫೇಸ್ ತಿರುಗಿಸುತ್ತದೆ, ಹಾಗಾಗಿ ಪರೀಕ್ಷೆ ತಪ್ಪಿಸಬೇಡಿ.

ಪರೀಕ್ಷೆ ಕಷ್ಟದ್ದಲ್ಲ. ಆಂಪ್‌ನಿಂದ ವೈರ್ ಬಿಚ್ಚಿ, ಸಬ್‌ನ ತುದಿಗಳಿಗೆ 9 ವೋಲ್ಟ್ ಬ್ಯಾಟರಿಯನ್ನು ಕ್ಷಣಮಾತ್ರ ತಾಗಿಸಿ. ಪ್ಲಸ್‌ಗೆ ಪ್ಲಸ್ ತಾಗಿದಾಗ ಎರಡೂ ಕೋನ್ ಹೊರಗೆ ಬಂದರೆ ತುದಿಗಳ ಗುರುತು ಸರಿಯಿದೆ. ವೈರ್ ಮತ್ತೆ ಕಟ್ಟಿ, ಡ್ರೈವರ್ ಸೀಟಿನಲ್ಲಿ ಕೂತು, ಬಾಗಿಲು ಕಿಟಕಿ ಮುಚ್ಚಿ, 25, 30, 40, 50, 60, 80 ಹರ್ಟ್ಜ್ ಟೋನ್‌ಗಳನ್ನು ಒಂದೊಂದಾಗಿ ಹಾಕಿ. ಪ್ರತಿ ಟೋನ್‌ನಲ್ಲೂ 10 ಇಂಚಿನದನ್ನು ಮ್ಯೂಟ್ ಮಾಡಿ, ಮತ್ತೆ ಆನ್ ಮಾಡಿ. ಫೋನ್‌ನ ಸೌಂಡ್ ಮೀಟರ್ ಆ್ಯಪ್ ಸಾಕು, ನಿಮಗೆ ಬೇಕಿರುವುದು ವ್ಯತ್ಯಾಸ ಅಷ್ಟೇ ಅಲ್ವಾ. ಮ್ಯೂಟ್ ಮಾಡಿದಾಗ ಸದ್ದು ಏರಿದರೆ ಆ ಫ್ರೀಕ್ವೆನ್ಸಿಯಲ್ಲಿ ಎರಡೂ ಜಗಳವಾಡುತ್ತಿವೆ. ಪೊಲಾರಿಟಿ ತಿರುಗಿಸಿ, ಡಿಲೇ ಬದಲಿಸಿ ನೋಡಿ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಕೆಡುತ್ತಿದೆ ಅಂತಾದರೆ 10 ಇಂಚಿನದನ್ನು ಹೊರಗೆ ತೆಗೆಯಿರಿ, ಡಿಕ್ಕಿಯಲ್ಲಿ ಜಾಗವಾದರೂ ಉಳಿಯುತ್ತದೆ.

ನನ್ನನ್ನು ಕೇಳಿದರೆ, 10 ಇಂಚಿನದನ್ನು ಮಾರಿಬಿಡಿ. ಎರಡು ಸಬ್ ಬೇಕೇ ಬೇಕು ಅಂದರೆ ಈಗಿರುವ 12 ಇಂಚಿನದರ ಜೋಡಿಯನ್ನೇ ತನ್ನಿ: ಅದೇ ಮಾಡೆಲ್, ಅಷ್ಟೇ ಓಮ್, ಅಷ್ಟೇ ಲೀಟರಿನ ಬಾಕ್ಸ್, ಅದೇ ಟ್ಯೂನಿಂಗ್. ಎರಡೂ ಸೇರಿದಾಗ ಎಷ್ಟು ಓಮ್ ಆಗುತ್ತದೆ, ಆಂಪ್ ಅದನ್ನು ತಡೆಯುತ್ತದೆಯೇ ಅನ್ನುವುದನ್ನು ಮಾತ್ರ ಕೊಳ್ಳುವ ಮೊದಲೇ ನೋಡಿಕೊಳ್ಳಿ.