ಸುಬ್ರಮಣ್ಯನ್ ಒಂದರಲ್ಲೇ ಯಾಕೆ ನಿಲ್ಲಲಿಲ್ಲ?

ಓದುಗರ ಪ್ರಶ್ನೆ: ಕಲಾವಿದ ಕೆ.ಜಿ. ಸುಬ್ರಮಣ್ಯನ್ ಚಿತ್ರ ಬರೆದರು, ಆಟಿಕೆ ಮಾಡಿದರು, ಕೈಮಗ್ಗದ ಕೆಲಸಕ್ಕೆ ಹೋದರು, ಮಣ್ಣು ಸುಟ್ಟರು, ಗಾಜಿನ ಮೇಲೂ ಬರೆದರು. ಹೀಗೆ ಎಲ್ಲಕ್ಕೂ ಕೈ ಹಾಕಿದರೆ ಯಾವುದೂ ಪೂರ್ತಿ ಒಲಿಯುವುದಿಲ್ಲ ಅಲ್ವಾ?

ಮೊದಲು ಗಾಜಿನದನ್ನೇ ನೋಡೋಣ. ಗಾಜಿನ ಹಿಂಬದಿಗೆ ಬಣ್ಣ ಹಚ್ಚಿ ಮುಂದಿನಿಂದ ನೋಡುವ ಚಿತ್ರ ಅದು. ಮೈಸೂರು, ತಂಜಾವೂರಿನ ಕಡೆ ದೇವರ ಪಟಗಳನ್ನು ಹೀಗೆ ಬರೆಯುತ್ತಿದ್ದರು. ಇಲ್ಲಿ ಎಲ್ಲವೂ ಉಲ್ಟಾ. ಬೊಟ್ಟು ಮೊದಲು, ಹಣೆ ಆಮೇಲೆ. ಕಣ್ಣಿನ ಕಪ್ಪು ಇಟ್ಟು, ಅದು ಒಣಗಿದ ಮೇಲೆ ಬಿಳಿ, ಆಮೇಲೆ ಮೈಬಣ್ಣ, ಕೊನೆಗೆ ಹಿಂದಿನ ಗೋಡೆ. ಎಲ್ಲ ಮುಗಿದ ಮೇಲೆ ಹುಬ್ಬು ತಿದ್ದುತ್ತೇನೆ ಅಂದರೆ ಆಗದು, ಆ ಗೆರೆ ಬಣ್ಣದ ಹಿಂದೆ ಅಡಗಿಬಿಡುತ್ತದೆ. ಇಂಥ ಕಡೆ ಅವರು ಬರೆದದ್ದು ಹೆಂಗಸರು, ಬೆಕ್ಕುಗಳು, ಒಂದಿಷ್ಟು ತುಂಟತನ.

ಮಣ್ಣು ಹಿಡಿದಾಗ ಅದೇ ಕೈ ಬೇರೆ ಮಾತಾಡಿತು. 1971ರ ಬಾಂಗ್ಲಾದೇಶ ಯುದ್ಧದ ಹೊತ್ತಿಗೆ ಅವರು ಟೆರಾಕೋಟಾ (ಸುಟ್ಟ ಮಣ್ಣಿನ) ಫಲಕಗಳಲ್ಲಿ ಸೇನಾಧಿಪತಿಗಳನ್ನು ಮಾಡಿದರು. ಹಸಿ ಮಣ್ಣನ್ನು ರೊಟ್ಟಿಯಂತೆ ತಟ್ಟಿ, ಮಡಚಿ, ಒತ್ತಿ, ಉಂಡೆ ಅಂಟಿಸಿ ಮಾಡಿದ ಆ ಮೈಗಳು ಮಾಂಸದ ಹಾಗೇ ಕಾಣುತ್ತವೆ, ಅದರ ಮೇಲೆ ಪದಕಗಳು ಬೇರೆ. ಬಣ್ಣದಲ್ಲಿ ಬರೆದಿದ್ದರೆ ಇಷ್ಟು ಕಸಿವಿಸಿ ಆಗುತ್ತಿರಲಿಲ್ಲ ಅಂತ ನನಗನಿಸುತ್ತದೆ.

ಈ ಅಭ್ಯಾಸ ಎಲ್ಲಿಂದ ಬಂತು? 1924ರಲ್ಲಿ ಕೇರಳದಲ್ಲಿ ಹುಟ್ಟಿದ ಇವರು ಮದ್ರಾಸಿನಲ್ಲಿ ಓದುತ್ತಿದ್ದದ್ದು ಅರ್ಥಶಾಸ್ತ್ರ. ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲು ಸೇರಿದರು, ಸರ್ಕಾರಿ ಕಾಲೇಜುಗಳ ಬಾಗಿಲು ಮುಚ್ಚಿತು. 1944ರಲ್ಲಿ ಬಂಗಾಳದಲ್ಲಿ ಠಾಗೋರರು ಕಟ್ಟಿದ ಶಾಂತಿನಿಕೇತನಕ್ಕೆ, ಅಲ್ಲಿನ ಕಲಾಶಾಲೆಯಾದ ಕಲಾಭವನಕ್ಕೆ ಹೋದರು. ಅಲ್ಲಿ ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿ, ರಾಮಕಿಂಕರ್ ಬೈಜ್ ಮೇಷ್ಟ್ರುಗಳು. ರಂಗೋಲಿ, ಬಾಟಿಕ್ (ಮೇಣ ಹಚ್ಚಿ ಬಟ್ಟೆಗೆ ಬಣ್ಣ ಹಾಕುವ ಕಲೆ), ಗೋಡೆಚಿತ್ರ ಎಲ್ಲಾ ಒಂದೇ ಅಂಗಳದಲ್ಲಿ. ಇದು ಕಲೆ, ಅದು ಬರೀ ಕಸುಬು ಅಂತ ಬೇರೆ ಮಾಡಿ ನೋಡುವುದನ್ನು ಅಲ್ಲಿ ಯಾರೂ ಕಲಿಸಲಿಲ್ಲ. ಮುಂದೆ ಬರೋಡಾದಲ್ಲಿ ತಾವೇ ಮೇಷ್ಟ್ರಾದಾಗ, ಕಲಾಶಾಲೆಯ ಮೇಳಕ್ಕೆ ಅಂತ ಮರದ ತುಂಡು, ಮಣಿ, ಚರ್ಮದ ಚೂರು ಜೋಡಿಸಿ ಆಟಿಕೆ ಮಾಡಿದರು.

ನಡುವೆ 1959ರಿಂದ 61ರವರೆಗೆ ಅಖಿಲ ಭಾರತ ಕೈಮಗ್ಗ ಮಂಡಳಿಯಲ್ಲಿ ವಿನ್ಯಾಸದ ಕೆಲಸ. ಇದನ್ನು ಜಾಸ್ತಿ ಜನ ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಆದರೆ 1963ರಲ್ಲಿ ಲಖನೌದ ರವೀಂದ್ರಾಲಯ ಸಭಾಭವನಕ್ಕೆ ಅವರು ಮಾಡಿದ ಟೆರಾಕೋಟಾ ಗೋಡೆ ನೋಡಿ. ಠಾಗೋರರ ನಾಟಕವೊಂದರ ಕಥೆಯನ್ನು ಚಿಕ್ಕಚಿಕ್ಕ ಮಣ್ಣಿನ ಬಿಲ್ಲೆಗಳನ್ನು ಸಾಲುಸಾಲಾಗಿ ಜೋಡಿಸಿ ಹೇಳಿದ್ದಾರೆ. ನನಗಂತೂ ಅದರಲ್ಲಿ ಮಗ್ಗದ ಹಾಸುಹೊಕ್ಕಿನ ಲೆಕ್ಕವೇ ಕಾಣುತ್ತದೆ.

ಹಾಗಾಗಿ ಯಾವುದು ಪೂರ್ತಿ ಒಲಿಯಿತು ಅಂತ ಬೇರೆಬೇರೆಯಾಗಿ ಅಳೆಯುವುದು ಕಷ್ಟ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಕೆಲಸಕ್ಕೆ ಬಂದಿದೆ. ಶಾಂತಿನಿಕೇತನದ ಕಲಾಭವನದಲ್ಲಿ 1990ರ ದಶಕದಲ್ಲಿ ಅವರು ಬರೆದ ಕಪ್ಪು-ಬಿಳುಪು ಗೋಡೆಚಿತ್ರ ಬಿಸಿಲುಮಳೆಗೆ ಹಾಳಾಗಿತ್ತು. ಸುಮಾರು 85ರ ವಯಸ್ಸಿನಲ್ಲಿ ವಾಪಸ್ ಬಂದರು. ಹಳೆಯದಕ್ಕೆ ತೇಪೆ ಹಾಕಲಿಲ್ಲ. ಅಟ್ಟಣಿಗೆ ಹತ್ತಿ, ಅದೇ ಗೋಡೆಗೆ ಹೊಸದಾಗಿ ಬರೆದರು.