ಗುರುತ್ವ: ನ್ಯೂಟನ್ ಉತ್ತರಿಸದೆ ಬಿಟ್ಟ ಪ್ರಶ್ನೆ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಅಣೆಕಟ್ಟು ಅಷ್ಟು ನೀರಿನ ಒತ್ತಡಕ್ಕೆ ಜಗ್ಗದೆ ನಿಂತಿರುವುದು ತನ್ನ ತೂಕದ ಬಲದಿಂದಲೇ. 1933ರ ಬಳಿಕ 2022ರಲ್ಲಿ ಅದು ಮತ್ತೆ ಕೋಡಿ ಬಿದ್ದಾಗ ನೀರನ್ನು ಕೆಳಕ್ಕೆ ಧುಮುಕಿಸಿದ್ದೂ ಗೋಡೆಯನ್ನು ನೆಲಕ್ಕೆ ಒತ್ತಿ ಹಿಡಿದದ್ದೂ ಒಂದೇ ಗುರುತ್ವ. ಆದರೆ ಗುರುತ್ವವೆಂದರೇನು ಎಂಬುದಕ್ಕೆ ವಿಜ್ಞಾನ ಕೊಟ್ಟ ಉತ್ತರ ಮಾತ್ರ ಬದಲಾಗುತ್ತಲೇ ಬಂದಿದೆ.

ಭಾರವಾದದ್ದು ತನ್ನ ಸಹಜ ನೆಲೆಯಾದ ವಿಶ್ವದ ಕೇಂದ್ರದತ್ತ ಬೇಗ ಬೀಳುತ್ತದೆ ಎಂಬುದು ಅರಿಸ್ಟಾಟಲನ ವಾದ. ಭೂಮಿಗೆ ಆಕರ್ಷಣ ಶಕ್ತಿಯಿದೆ, ಬೀಳುವಂತೆ ನಮಗೆ ತೋರುವುದು ಅದರ ಸೆಳೆತ ಎಂದು 12ನೆಯ ಶತಮಾನದಲ್ಲಿ ಭಾಸ್ಕರಾಚಾರ್ಯರು ಬರೆದರು. ಬೀಳುವಿಕೆಯನ್ನು ಪಟ್ಟುಹಿಡಿದು ಅಳೆದವನು ಗೆಲಿಲಿಯೊ. ಇಳಿಜಾರು ಹಲಗೆಯ ತೋಡಿನಲ್ಲಿ ಕಂಚಿನ ಗುಂಡನ್ನು ಉರುಳಿಬಿಟ್ಟು, ಅಷ್ಟರಲ್ಲಿ ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಕಾಲವನ್ನು ಲೆಕ್ಕ ಹಾಕಿದ ಆತನಿಗೆ, ಕಾಲ ಇಮ್ಮಡಿಯಾದರೆ ದೂರ ನಾಲ್ಕು ಪಟ್ಟಾಗುವುದು ಕಂಡಿತು. ಸೆಕೆಂಡು ತೋರಿಸುವ ಗಡಿಯಾರವಿಲ್ಲದ ಕಾಲದಲ್ಲಿ ಇಷ್ಟು ನಿಖರತೆ ಸಾಧಿಸಿದ್ದು ನನಗೆ ಇಂದಿಗೂ ಬೆರಗು.

ನೆಲಕ್ಕೆ ಬೀಳುವ ಕಲ್ಲಿಗೂ ಭೂಮಿಯನ್ನು ಸುತ್ತುವ ಚಂದ್ರನಿಗೂ ನಿಯಮ ಒಂದೇ, ದೂರ ಇಮ್ಮಡಿಯಾದರೆ ಸೆಳೆತ ಕಾಲುಭಾಗಕ್ಕೆ ಇಳಿಯುತ್ತದೆ ಎಂದು 1687ರಲ್ಲಿ ನ್ಯೂಟನ್ ತೋರಿಸಿದ. 1846ರಲ್ಲಿ ನೆಪ್ಚೂನ್ ಗ್ರಹ ಸಿಕ್ಕಿದ್ದೂ ಈ ನಿಯಮದ ಲೆಕ್ಕದಿಂದಲೇ. ಆದರೆ ನಡುವೆ ಏನೂ ಇಲ್ಲದಿದ್ದರೂ ಸೆಳೆತ ದಾಟುವುದು ಹೇಗೆ? ಅದರ ಕಾರಣ ತನಗೆ ತಿಳಿಯದೆಂದು ನ್ಯೂಟನ್ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದ.

ಬಿರುಕು ಕಾಣಿಸಿದ್ದು ಬುಧನ ಕಕ್ಷೆಯಲ್ಲಿ. ಆ ಅಂಡಾಕಾರದ ಕಕ್ಷೆಯೇ ನಿಧಾನವಾಗಿ ತಿರುಗುವ ಪ್ರಮಾಣ ನ್ಯೂಟನ್ ನಿಯಮದ ಲೆಕ್ಕಕ್ಕಿಂತ ಶತಮಾನಕ್ಕೆ 43 ಕೋನ ಸೆಕೆಂಡುಗಳಷ್ಟು, ಅಂದರೆ ಒಂದು ಡಿಗ್ರಿಯ ಎಂಬತ್ತನೆಯ ಒಂದು ಪಾಲಿಗೆ ಸಮೀಪದಷ್ಟು, ಹೆಚ್ಚಿತ್ತು. ಕಾಣದ ಗ್ರಹವೊಂದರ ಮೇಲೆ ಹೊರೆ ಹೊರಿಸಿ ಹುಡುಕಿದರೂ ಅದು ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವವೆಂದರೆ ಸೆಳೆತವಲ್ಲ, ದ್ರವ್ಯರಾಶಿಯಿಂದ ದೇಶ-ಕಾಲವೇ (ಸ್ಥಳ ಮತ್ತು ಕಾಲ ಒಂದಾಗಿ ಹೆಣೆದ ಹಂದರವೇ) ಬಾಗುವುದು ಎಂದಾಗ ಆ 43 ಸೆಕೆಂಡುಗಳು ತಾವಾಗಿಯೇ ಲೆಕ್ಕಕ್ಕೆ ಬಂದವು.

ಈ ಕಥೆಯಲ್ಲಿ ಕನ್ನಡಿಗರೊಬ್ಬರಿದ್ದಾರೆ. ಬೆಳಕೂ ಹೊರಬರಲಾರದಷ್ಟು ಗುರುತ್ವವಿರುವ ಕಪ್ಪುಕುಳಿಯನ್ನು ಕದಲಿಸಿದರೆ ಅದು ಬಾರಿಸಿದ ಗಂಟೆಯಂತೆ ಮಿಡಿದು ಅಡಗುತ್ತದೆ ಎಂದು ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ 1970ರಲ್ಲಿ ಗಣಿತದಿಂದ ತೋರಿಸಿದ್ದರು. 2015ರ ಸೆಪ್ಟೆಂಬರ್ 14ರಂದು ದಾಖಲಾದ ಮೊದಲ ಗುರುತ್ವ ಅಲೆಯ, ಅಂದರೆ ಎರಡು ಕಪ್ಪುಕುಳಿಗಳು ಒಂದಾದಾಗ ದೇಶ-ಕಾಲದಲ್ಲಿ ಎದ್ದ ಅಲೆಯ, ಕೊನೆಯಲ್ಲಿದ್ದದ್ದು ಅಂಥದ್ದೇ ಮಿಡಿತ.

ಅಣೆಕಟ್ಟು ಕಟ್ಟಲು ನ್ಯೂಟನ್ ಸಾಕು. ಚಳ್ಳಕೆರೆ ಬಳಿ ಇಸ್ರೊದ ಪುಷ್ಪಕ್ ಎಂಬ ರೆಕ್ಕೆಯುಳ್ಳ ಮರುಬಳಕೆಯ ಉಡಾವಣಾ ವಾಹನ ತಾನಾಗಿಯೇ ರನ್‌ವೇಗೆ ಇಳಿಯಲು ನೆಚ್ಚಿದ ಸಾಧನಗಳಲ್ಲಿ ಸ್ಥಾನ ತಿಳಿಸುವ ಪಥದರ್ಶಕ ಉಪಗ್ರಹಗಳೂ ಇದ್ದವು. ಗುರುತ್ವ ಮತ್ತು ವೇಗದಿಂದ ಕಾಲದ ಗತಿಯೇ ಬದಲಾಗುವುದರಿಂದ ಅಂತಹ ಉಪಗ್ರಹಗಳಲ್ಲಿ ಗಡಿಯಾರಗಳ ನಡೆಯನ್ನು ಐನ್‌ಸ್ಟೈನ್ ಲೆಕ್ಕದಂತೆ ತಿದ್ದಬೇಕು. ಜಿಪಿಎಸ್‌ನಲ್ಲಿ ಈ ತಿದ್ದುಪಡಿ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು. ಕಪ್ಪುಕುಳಿಯ ಒಡಲಲ್ಲಾದರೋ ಐನ್‌ಸ್ಟೈನ್ ಸಮೀಕರಣಗಳೂ ಕೈಕೊಡುತ್ತವೆ. ಅವನ್ನು ಅಣು-ಕಣಗಳ ವರ್ತನೆ ವಿವರಿಸುವ ಕ್ವಾಂಟಂ ಸಿದ್ಧಾಂತದೊಡನೆ ಹೊಂದಿಸುವ ಕೆಲಸ ಇನ್ನೂ ನಡೆದಿದೆ.