ವಿಗೊರೆಕ್ಸಿಯಾ: ಬಾಲ ಹಸಿವಿನದು, ಕಾಯಿಲೆ ಗೀಳಿನದು

ತನ್ನ ಮೈಕಟ್ಟು ಸಣಕಲು, ಸ್ನಾಯು ಸಾಲದು ಎಂಬ ಕೊರಗು ಗೀಳಾಗಿ ಕಾಡುವ ಸ್ಥಿತಿಗೆ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಎರಡರಲ್ಲೂ ರೂಢಿಯಲ್ಲಿರುವ ಹೆಸರು ವಿಗೊರೆಕ್ಸಿಯಾ. ಬರಹ ಒಂದೇ, ಉಚ್ಚಾರ ಬೇರೆ. ಸ್ಪ್ಯಾನಿಷ್‌ನಲ್ಲಿ ವಕಾರ ಬಕಾರವಾಗಿ ಕೇಳಿಸುವುದರಿಂದ ಅದು ಬಿಗೊರೆಕ್ಸಿಯಾ. ಇಂಗ್ಲಿಷಿನ ಆಡುಮಾತಿನಲ್ಲೂ ಬಿಗೊರೆಕ್ಸಿಯಾ ಇದೆ. ಆದರೆ ಅಲ್ಲಿರುವುದು ದೊಡ್ಡದು ಎಂಬರ್ಥದ 'ಬಿಗ್'.

ಒಡೆದು ನೋಡಿದರೆ 'ವಿಗೊರ್' ಲ್ಯಾಟಿನ್ ಮೂಲದ್ದು, ಕಸುವು ಎಂದರ್ಥ. ಉಳಿದರ್ಧ ಅನೊರೆಕ್ಸಿಯಾದಿಂದ, ಅಂದರೆ ತೂಕ ಏರೀತೆಂದು ಊಟ ಬಿಡುವ ಕಾಯಿಲೆಯ ಹೆಸರಿನಿಂದ, ಕಡ ತಂದದ್ದು: ಗ್ರೀಕ್‌ನ 'ಓರೆಕ್ಸಿಸ್', ಅಂದರೆ ಹಸಿವು. ಅನೊರೆಕ್ಸಿಯಾದ 'ಅನ್' ನಮ್ಮ ಅನಂತ, ಅನಾದಿಗಳ 'ಅನ್'ಗೆ ದಾಯಾದಿ.

ಇತಿಹಾಸ ಚಿಕ್ಕದು. 1993ರಲ್ಲಿ ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 108 ಪುರುಷ ದೇಹದಾರ್ಢ್ಯ ಪಟುಗಳನ್ನು ಅಧ್ಯಯನ ಮಾಡಿದರು. ದಷ್ಟಪುಷ್ಟರಾಗಿದ್ದೂ ತಾವು ಬಡಕಲು ಎಂದು ನಂಬಿದ್ದವರು ಅವರಲ್ಲಿ 9 ಮಂದಿ. ಆಗ ಇಟ್ಟ ಹೆಸರು 'ತಿರುಗುಮುರುಗಾದ ಅನೊರೆಕ್ಸಿಯಾ'. 1997ರಲ್ಲಿ ಅದು 'ಮಸಲ್ ಡಿಸ್ಮಾರ್ಫಿಯಾ' ಆಯಿತು.

ಗಂಟು ಬೀಳುವುದು ಇಲ್ಲಿ. ಹೆಸರಿನ ಬಾಲದಲ್ಲಿ ಹಸಿವಿದೆ, ರೋಗಿ ಕೋಳಿಮಾಂಸವನ್ನು ಗ್ರಾಂ ಲೆಕ್ಕದಲ್ಲಿ ತೂಗಿ ತಿನ್ನುತ್ತಾನೆ, ಹಾಗಾದರೆ ಇದು ಆಹಾರ ಸೇವನೆಯ ಕಾಯಿಲೆಯೇ? ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ, 2013ರ ಡಿಎಸ್ಎಂ-5, ಹಾಗೆನ್ನುವುದಿಲ್ಲ. ಅಲ್ಲಿ ಇದಕ್ಕೆ ಸ್ವತಂತ್ರ ಅಧ್ಯಾಯವೂ ಇಲ್ಲ. ಗೀಳು ಮತ್ತು ಅದಕ್ಕೆ ಸಂಬಂಧಿಸಿದ ಕಾಯಿಲೆಗಳ ಅಧ್ಯಾಯ ತೆರೆಯಿರಿ. ಅದರೊಳಗೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್, ಅಂದರೆ ತನ್ನ ರೂಪದಲ್ಲಿ ಕುಂದಿದೆ ಎಂಬ ಗೀಳು. ಅದರ ಕೆಳಗೆ 'ಸ್ಪೆಸಿಫೈಯರ್' ಆಗಿ, ಅಂದರೆ ರೋಗನಿರ್ಣಯಕ್ಕೆ ಅಂಟಿಸುವ ವಿಶೇಷಣವಾಗಿ, ಮಸಲ್ ಡಿಸ್ಮಾರ್ಫಿಯಾ. ಮೊದಲು ಮೂಲ ಕಾಯಿಲೆಯ ಲಕ್ಷಣಗಳು ಕೂಡಿಬರಬೇಕು: ಇತರರಿಗೆ ಕಾಣದ ಅಥವಾ ತೀರ ಅಲ್ಪವೆನಿಸುವ ಕುಂದಿನ ಚಿಂತೆ, ಪದೇ ಪದೇ ಕನ್ನಡಿ ನೋಡುವುದು ಅಥವಾ ಮನಸ್ಸಿನಲ್ಲೇ ಇತರರೊಡನೆ ಹೋಲಿಸಿಕೊಳ್ಳುವುದು, ಅದರಿಂದ ಬದುಕಿಗೆ ಗಣನೀಯ ಸಂಕಟ ಅಥವಾ ಅಡ್ಡಿ. ಆಮೇಲೆ ವಿಶೇಷಣ. ಮೂಗಿನ ಬಗ್ಗೆ, ಕೂದಲಿನ ಬಗ್ಗೆ ಜೊತೆಜೊತೆಗೇ ಕೊರಗಿದ್ದರೂ ವಿಶೇಷಣ ಬಿದ್ದುಹೋಗುವುದಿಲ್ಲ.

ನಾನು ನೆಚ್ಚಿಕೊಂಡಿರುವ ಒಳದಾರಿ ಒಂದೇ ಪ್ರಶ್ನೆ: ತಟ್ಟೆ ಯಾರ ಸೇವೆಯಲ್ಲಿದೆ? ತೂಕ ಏರೀತೆಂಬ ಭಯಕ್ಕೆ ಊಟ ಬಿಟ್ಟರೆ ಅನೊರೆಕ್ಸಿಯಾದ ಕಡೆ ನೋಡಿ. ಸ್ನಾಯು ಕರಗೀತೆಂಬ ಭಯಕ್ಕೆ ಮದುವೆ ಊಟ ತಪ್ಪಿಸಿ, ಜ್ವರದಲ್ಲೂ ಜಿಮ್ಮಿಗೆ ಹೋದರೆ ವಿಗೊರೆಕ್ಸಿಯಾದ ಕಡೆ. ಎರಡೂ ಒಬ್ಬನಲ್ಲೇ ಇರಬಹುದು. ಆಗ ಎರಡನ್ನೂ ಬರೆಯಬೇಕು. ಬರೀ ಹೆಚ್ಚು ಕಸರತ್ತು ಮಾಡುವವನಿಗೆ ಈ ಹೆಸರು ಅಂಟಿಸಬೇಡಿ. ಡಂಬೆಲ್ ಕಂಡರೆ ರೋಗ ಕಾಣುವವರು ತರಗತಿಗೊಬ್ಬರಾದರೂ ಇರುತ್ತಾರೆ.

ಇನ್ನೊಂದು ವಿಶೇಷಣ 'ಒಳನೋಟ'. ತನ್ನ ನಂಬಿಕೆ ನಿಜವಿರಲಿಕ್ಕಿಲ್ಲ ಎಂದು ಒಪ್ಪುವವನಿಂದ ಹಿಡಿದು, ತಾನು ಬಡಕಲೇ ಎಂದು ಖಂಡಿತವಾಗಿ ನಂಬಿದವನವರೆಗೆ. ಎರಡನೆಯವನಿಗೂ ಇದೇ ರೋಗನಿರ್ಣಯ. ಭ್ರಮಾರೋಗದ ಅಧ್ಯಾಯಕ್ಕೆ ಓಡುವಂತಿಲ್ಲ.

ಸ್ನಾಯು ಬೆಳೆಸಲು ತೆಗೆದುಕೊಳ್ಳುವ, ಟೆಸ್ಟೋಸ್ಟಿರಾನ್ ಹಾರ್ಮೋನಿನಂಥ ಸ್ಟೀರಾಯ್ಡ್‌ಗಳ ಬಳಕೆ ರೋಗಲಕ್ಷಣಗಳ ಪಟ್ಟಿಯಲ್ಲಿಲ್ಲ, ಆದರೆ ಆಗಾಗ ಜೊತೆಗೂಡುತ್ತದೆ. ಹೊರಗಿನಿಂದ ಹಾರ್ಮೋನು ಬಂದಾಗ ದೇಹ ತನ್ನ ಟೆಸ್ಟೋಸ್ಟಿರಾನ್ ತಯಾರಿಕೆಯನ್ನು ತಗ್ಗಿಸುತ್ತದೆ, ವೃಷಣ ಕುಗ್ಗುತ್ತದೆ. ಬ್ರೆಜಿಲ್‌ನ ಆಡುಮಾತಿನಲ್ಲಿ ಈ ಔಷಧಿಗಳು 'ಬೊಂಬಾ'. ಅಂದಚೆಂದಕ್ಕಾಗಿ, ಮೈಕಟ್ಟಿಗಾಗಿ ಅವನ್ನು ಬರೆದುಕೊಡದಂತೆ ಅಲ್ಲಿನ ಫೆಡರಲ್ ವೈದ್ಯಕೀಯ ಮಂಡಳಿ 2023ರಲ್ಲಿ ವೈದ್ಯರಿಗೆ ನಿಷೇಧ ಹೇರಿತು.